ಬಸ್ಸಿನಲ್ಲಿ ಸೊನ್ನೆಗಿಂತ ಕಡಿಮೆ ಜನ

ಜೂನ್ ಒಂಬತ್ತು, ಸೋಮವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಮಧುಗಿರಿಯಲ್ಲಿ ನಮ್ಮ ಮನೆಯ ಮುಂದಿನ ಹಜಾರ. ಹಾಜರಿದ್ದವರು ಪರೀಕ್ಷೆಗೆ ಓದುವ ಏಳು ಜನ, ಆ ದಿನ ಹನ್ನೊಂದಕ್ಕೆ ಬರಲಿದ್ದ ಫಲಿತಾಂಶಕ್ಕೆ ಕಾಯುತ್ತಿದ್ದ ಮಂಜುಳ, ನಾನು, ಮತ್ತು ಬಾಗಿಲಿಗೆ ಅಡ್ಡವಾಗಿ ಬಿದಿರಿನ ಪುಟ್ಟಿ ಹಿಡಿದು ನಿಂತಿದ್ದ ಸುಬ್ಬರಾಯಪ್ಪನವರು.

“ಪೆನ್ನು,” ಅಂದರು.

ಒಬ್ಬೊಬ್ಬರೇ ಬಂದು ಪುಟ್ಟಿಗೆ ಪೆನ್ನು ಹಾಕಿ ಒಳಗೆ ಹೋದರು. ಹೊಸದಾಗಿ ಸೇರಿದ್ದವಳೊಬ್ಬಳು ಬರಿಗೈ ತೋರಿಸಿದಳು. ಸುಬ್ಬರಾಯಪ್ಪನವರು ಅವಳ ತಲೆಯ ಹಿಂಭಾಗ ನೋಡಿದರು.

“ಜಡೇನಾಗೆ ಇರೋದೂ ಪೆನ್ನೇ ಕಣಮ್ಮ. ಹಾಕು.”

ಲೆಕ್ಕದ ಪಾಠಕ್ಕೆ ಪೆನ್ನು ಕಸಿದುಕೊಂಡು ಒಳಗೆ ಬಿಡುವ ಮೇಷ್ಟ್ರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಸಲಿಗೆ ಅವರು ಮೇಷ್ಟ್ರೇ ಅಲ್ಲ. ಮಧುಗಿರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಕಿಟಕಿಯ ಹಿಂದೆ ಕೂತು ಯಾವ ಗಾಡಿ ಬಂತು, ಯಾವುದು ಹೋಯಿತು ಎಂದು ಬರೆದುಕೊಂಡು, ಮೈಕಿನಲ್ಲಿ ಊರುಗಳ ಹೆಸರು ಕೂಗುವ ಕೆಲಸ. ಅದಕ್ಕೂ ಮೊದಲು ಹದಿನೈದು ವರ್ಷ ಕಂಡಕ್ಟರ್. ಆ ಅಭ್ಯಾಸ ಬೆರಳುಗಳಿಂದ ಹೋಗಿರಲಿಲ್ಲ. ಕಂಡಕ್ಟರುಗಳು ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ ಪ್ರಶ್ನೆಯ ಚೀಟಿಗಳನ್ನು ಸಿಕ್ಕಿಸಿಕೊಂಡು ಪಾಠ ಮಾಡುತ್ತಿದ್ದರು. ಊರು ನಾಗಲಮಡಿಕೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಅವರು ಕಲಿಸುತ್ತಿದ್ದುದು ಬ್ಯಾಂಕ್ ಪರೀಕ್ಷೆಗಳಲ್ಲಿ ಕೇಳುವ ಒಂದು ಬಗೆಯ ವಿಚಿತ್ರ ಪ್ರಶ್ನೆ. ಲೆಕ್ಕ ಕೊಟ್ಟು, ಕೆಳಗೆ ಎರಡು ಹೇಳಿಕೆ ಕೊಟ್ಟಿರುತ್ತಾರೆ. ಉತ್ತರ ಕಂಡುಹಿಡಿಯಬೇಕಾಗಿಲ್ಲ. ಉತ್ತರ ಕಂಡುಹಿಡಿಯಲು ಮೊದಲ ಹೇಳಿಕೆ ಒಂದೇ ಸಾಕೇ, ಎರಡನೆಯದು ಒಂದೇ ಸಾಕೇ, ಎರಡೂ ಸೇರಿದರೆ ಸಾಕೇ, ಸೇರಿದರೂ ಸಾಲದೇ, ಅಷ್ಟನ್ನು ಹೇಳಿದರೆ ಮುಗಿಯಿತು. ಸುಬ್ಬರಾಯಪ್ಪನವರು ಇದನ್ನು ತೆಲುಗಿನ ಎರಡು ಮಾತಿಗೆ ಇಳಿಸಿದ್ದರು. ಸಾಕಾದರೆ ‘ಚಾಲು’, ಸಾಲದಿದ್ದರೆ ‘ಚಾಲದು’. ಇಡೀ ಹಜಾರ ಅದೇ ಭಾಷೆ ಆಡುತ್ತಿತ್ತು.

ಆ ದಿನದ ಲೆಕ್ಕ ಹೀಗಿತ್ತು.

“ಮಧುಗಿರಿಯಿಂದ ಪಾವಗಡದ ಗಾಡಿ ಹೊಂಟೈತೆ. ಒಂದೊಂದು ಸ್ಟಾಪ್‌ನಾಗೂ ಒಳಗಿರೋರಲ್ಲಿ ಅರ್ಧ ಜನ ಇಳೀತಾರೆ, ಮೂರು ಜನ ಹತ್ತುತಾರೆ. ನಾಲ್ಕನೇ ಸ್ಟಾಪ್ ಬುಟ್ಟಾಗ ಒಳಗೆ ಎಷ್ಟು ಜನ? ಎಷ್ಟು ಅಂತ ನಂಗೆ ಹೇಳ್ಬ್ಯಾಡಿ. ಹೇಳಾಕಾಯ್ತದೋ ಇಲ್ವೋ, ಅಷ್ಟು ಹೇಳಿ.”

ಹಜಾರದಲ್ಲಿ ಎರಡು ಬೆಂಚು. ಎಡದ ಬೆಂಚಿನವರಿಗೆ ಒಂದನೇ ಚೀಟಿ ಮಾತ್ರ, ಬಲದವರಿಗೆ ಎರಡನೆಯದು ಮಾತ್ರ. ಪರಸ್ಪರ ಮಾತಾಡುವಂತಿಲ್ಲ, ತಿರುಗಿ ನೋಡುವಂತಿಲ್ಲ. ಕೊನೆಗೆ ಎಲ್ಲರೂ ನಡುವಿನ ಚಾಪೆಗೆ ಇಳಿದು ಚೀಟಿ ಕೂಡಿಸುವುದು. ಮೊದಲನೇ ಹೇಳಿಕೆ ಓದಿದವರು ಎರಡನೆಯದನ್ನು ಓದುವಾಗ ಮೊದಲನೆಯದನ್ನು ಪೂರ್ತಿ ಮರೆಯಬೇಕು. ಮನುಷ್ಯರಿಗೆ ಅದು ಸಾಧ್ಯವಿಲ್ಲ, ಬೆಂಚು ಬದಲಾಯಿಸಿದರೆ ಸಾಧ್ಯ ಎಂಬುದು ಅವರ ನಂಬಿಕೆ. ನಾನು ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ದುಡಿದು ಶಿರಸ್ತೇದಾರಳಾಗಿ ನಿವೃತ್ತಳಾದವಳು. ಒಬ್ಬ ಸಾಕ್ಷಿ ಒಳಗೆ ಹೇಳುವಾಗ ಇನ್ನೊಬ್ಬ ಸಾಕ್ಷಿಯನ್ನು ಹೊರಗೆ ಮರದ ಕೆಳಗೆ ಕೂರಿಸುವುದು ಏಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಬೆಂಚುಗಳ ಏರ್ಪಾಡು ಕಂಡ ದಿನವೇ ನಾನು ಈ ಮನುಷ್ಯನನ್ನು ಒಪ್ಪಿಕೊಂಡದ್ದು.

ಎಡದ ಬೆಂಚಿನ ಚೀಟಿ: ಎರಡನೇ ಸ್ಟಾಪ್ ಬಿಟ್ಟಾಗ ಒಳಗೆ ಹದಿನಾಲ್ಕು ಜನ. ಅವರು ಒಂದೇ ಉಸಿರಿಗೆ “ಚಾಲು” ಅಂದರು. ಬಲದ ಬೆಂಚಿನ ಚೀಟಿ: ಮೂರನೇ ಸ್ಟಾಪಿನಲ್ಲಿ ಒಟ್ಟು ನಾಲ್ಕು ಜನ ಕಡಿಮೆಯಾದರು. ಅಲ್ಲಿ ಕೂತಿದ್ದ ಶಿರಾದ ಜಬೀ ತಲೆಯಾಡಿಸಿದ.

“ಚಾಲದು ಸಾರ್. ಎಷ್ಟು ಕಮ್ಮಿ ಆದ್ರು ಅಂತ ಗೊತ್ತು. ಎಷ್ಟ್ರಲ್ಲಿ ಕಮ್ಮಿ ಆದ್ರು ಅಂತ ಗೊತ್ತಿಲ್ವಲ್ಲ.”

“ಹತ್ತಿದೋರು ಎಷ್ಟು?”

“ಮೂರು.”

“ಹತ್ತಿದ ಮ್ಯಾಲೂ ನಾಕು ಕಮ್ಮಿ. ಅಂಗಾರೆ ಇಳಿದೋರು?”

“ಏಳು.”

“ಏಳು ಅರ್ಧ ಆದ್ರೆ ಪೂರ್ತಿ ಎಷ್ಟ್ಲಾ?”

ಜಬೀ ಬೆಂಚಿನ ಮೇಲೆ ಕೈ ಬಡಿದ. “ಅರೇ! ಹದಿನಾಲ್ಕು! ಚಾಲು ಸಾರ್, ಚಾಲು!”

“ಬಾಯಿ ಮೊದ್ಲು ಬುಡ್ತೀಯ, ಗಾಡಿ ಆಮ್ಯಾಲೆ ಬುಡ್ತೀಯ. ನಿಯಮ ಕೈಲಿದ್ರೆ ಸರಣೀನಾಗೆ ಒಂದು ಗೂಟ ಸಿಕ್ರೆ ಸಾಕು ಕಣ್ಲಾ. ಹಗ್ಗ ಹಿಡ್ಕಂಡು ಹೋದ್ರೆ ಎಮ್ಮೆ ಸಿಗ್ತದೆ.” ಆಮೇಲೆ ದನಿ ತಗ್ಗಿಸಿ, ಪ್ರತಿ ಪಾಠದ ಕೊನೆಗೂ ಹೇಳುತ್ತಿದ್ದ ಮಾತನ್ನು ಹೇಳಿದರು. “ಇದು ಗಾಡಿ ಲೆಕ್ಕ. ಗಾಡೀನಾಗೆ ಸೊನ್ನೆ ಕೆಳಗೆ ಯಾರೂ ಇರಲ್ಲ. ಪರೀಕ್ಷೇನಾಗೆ ಇರ್ತಾರೆ. ಮರೀಬ್ಯಾಡಿ.”

ಹೇಳಿ ಮಂಜುಳಳ ಕಡೆ ನೋಡಲಿಲ್ಲ. ಅವಳೂ ನೆಲ ನೋಡುತ್ತಿದ್ದಳು. ಆ ಮಾತು ಅವರ ಪಾಠದಲ್ಲಿ ಮೊದಲಿನಿಂದ ಇದ್ದದ್ದಲ್ಲ. ಒಂದು ವರ್ಷದ ಹಿಂದೆ ಸೇರಿಕೊಂಡದ್ದು. ಹೇಗೆ ಸೇರಿತು ಎಂಬುದನ್ನು ಹೇಳಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು.

ನಿವೃತ್ತಿಯಾದ ಮೇಲೆ ನಾನು ಹಜಾರವನ್ನು ಓದುವ ಕೋಣೆ ಮಾಡಿದೆ. ಬೆಳಗ್ಗೆ ಆರರಿಂದ ಎಂಟೂವರೆ, ಸಂಜೆ ಐದರಿಂದ ಎಂಟು. ಚಪ್ಪಲಿ ಸಾಲಾಗಿ, ಮೂತಿ ಹೊರಗೆ. ಹಾಜರಿ ಪುಸ್ತಕಕ್ಕೆ ಸಹಿ. ಲೆಕ್ಕ ಹೇಳುವವರು ಬೇಕು ಎಂದು ಬಾಗಿಲಿಗೆ ಕಾಗದ ಅಂಟಿಸಿದೆ. ಮೂರನೇ ದಿನ ಖಾಕಿ ಪ್ಯಾಂಟು, ಬಿಳಿ ಅಂಗಿಯ ಮನುಷ್ಯ ಬಂದು ಆ ಕಾಗದವನ್ನು ತಾವೇ ಕಿತ್ತು ನನ್ನ ಕೈಗೆ ಕೊಟ್ಟರು.

“ನಾನು ಹೇಳ್ತೀನಮ್ಮಾ. ಬೆಳಗಿನ ಕಾಫಿ ಕೊಡಿ, ಅಷ್ಟೇ.”

“ನೀವು ಏನು ಓದಿದ್ದೀರಿ?”

“ಬ್ಯಾಂಕ್ ಪರೀಕ್ಷೆ ಏಳು ಸಲ ಬರ್ದಿದ್ದೀನಿ.”

“ಎಷ್ಟು ಸಲ ಪಾಸಾಗಿದ್ದೀರಿ?”

“ಒಂದ್ಸಲಾನೂ ಇಲ್ಲ. ಅದ್ಕೇ ಕೇಳ್ತಿರೋದು. ಪಾಸಾದೋನು ದಾರಿ ನೋಡಿರ್ತಾನೆ, ನಾನು ಗುಂಡಿಗಳ್ನೆಲ್ಲ ನೋಡಿದ್ದೀನಿ.”

ಯಾಕೆ ಪಾಸಾಗಲಿಲ್ಲವೆಂದು ಆಮೇಲೊಮ್ಮೆ ಹೇಳಿದರು. ಒಂದೊಂದು ಲೆಕ್ಕವನ್ನೂ ಬುಡದವರೆಗೆ ಮಾಡುತ್ತಿದ್ದರಂತೆ. ಮಾಡಿದ್ದೆಲ್ಲ ಸರಿ. ಆದರೆ ಅರ್ಧ ಪ್ರಶ್ನೆಪತ್ರಿಕೆ ಮುಗಿಯುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. “ಕೈಲಿ ಪೆನ್ನಿದ್ರೆ ಬರೀಬೇಕು ಅನ್ನಿಸ್ತದೆ ಅಮ್ಮಾ. ಬರೀತಾ ಬರೀತಾ ಮುಗಿಸ್ಬೇಕು ಅನ್ನಿಸ್ತದೆ. ಗೊತ್ತಾಯ್ತದೋ ಇಲ್ವೋ ಅನ್ನೋದು ಬೇರೆ, ಏನು ಗೊತ್ತಾಯ್ತದೆ ಅನ್ನೋದು ಬೇರೆ. ಅದು ತಿಳಿಯೋ ಹೊತ್ತಿಗೆ ನಂಗೆ ವಯಸ್ಸು ದಾಟೋಗಿತ್ತು.” ಪೆನ್ನಿನ ಪುಟ್ಟಿ ಬಂದದ್ದು ಅಲ್ಲಿಂದ.

ಅವರಿಗೂ ನನಗೂ ಇದ್ದ ಜಗಳ ಒಂದೇ, ಹತ್ತು ನಿಮಿಷದ್ದು. ಪಾಠ ಆರಕ್ಕೆ ಎಂದು ಗೋಡೆಯ ಮೇಲೆ ಬರೆದಿದ್ದೆ. ಅವರು ಬರುತ್ತಿದ್ದುದು ಆರು ಹತ್ತಕ್ಕೆ. ಒಂದು ದಿನವೂ ಆರು ಒಂಬತ್ತಿಲ್ಲ, ಆರು ಹನ್ನೊಂದಿಲ್ಲ. ಆರು ಗಂಟೆಯ ತುಮಕೂರು ಗಾಡಿ ನಿಲ್ದಾಣದಿಂದ ಹೊರಟದ್ದನ್ನು ಕಣ್ಣಾರೆ ನೋಡದೆ ಅವರು ಅಲ್ಲಿಂದ ಕದಲುತ್ತಿರಲಿಲ್ಲ. ಅವರ ಪಾಳಿ ಶುರುವಾಗುವುದು ಒಂಬತ್ತಕ್ಕೆ. ಆ ಗಾಡಿಯ ಹೊಣೆ ಬೇರೆಯವರದು. “ನೀವು ನೋಡದಿದ್ದರೆ ಗಾಡಿ ಹೋಗುವುದಿಲ್ಲವೇ?” ಎಂದು ಕೇಳಿದ್ದೆ. “ಹೋಯ್ತದೆ. ಆದ್ರೆ ಹೋಯ್ತು ಅಂತ ನಂಗೆ ಗೊತ್ತಿರಲ್ವಲ್ಲ ಅಮ್ಮಾ.” ಕೊನೆಗೆ ಗೋಡೆಯ ಮೇಲಿನ ಆರನ್ನು ನಾನೇ ಆರು ಹತ್ತು ಎಂದು ತಿದ್ದಿದೆ. ನನ್ನ ಕೈಯಲ್ಲಿ ಸಮಯ ತಿದ್ದಿಸಿದವರು ಅವರೊಬ್ಬರೇ.

ಮಂಜುಳ ಬಂದದ್ದು ಎರಡನೇ ವರ್ಷ. ಕೊರಟಗೆರೆ ತಾಲ್ಲೂಕಿನವಳು. ಅವಳ ತಾಯಿ ಗೊರವನಹಳ್ಳಿ ಗುಡಿಯ ಮುಂದೆ ಹೂವಿನ ಅಂಗಡಿ ಇಟ್ಟುಕೊಂಡಿದ್ದರು. ಮಂಜುಳ ಮಧುಗಿರಿಯ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಹನ್ನೊಂದು ತಿಂಗಳಿಗೊಮ್ಮೆ ಕೆಲಸದಿಂದ ಬಿಡಿಸಿ, ಒಂದು ವಾರ ಮನೆಯಲ್ಲಿ ಕೂರಿಸಿ, ಮತ್ತೆ ಹೊಸಬಳ ಹಾಗೆ ಸೇರಿಸಿಕೊಳ್ಳುತ್ತಿದ್ದರು. ಆರು ವರ್ಷದಲ್ಲಿ ಅವಳು ಆರು ಸಲ ಹೊಸಬಳಾಗಿದ್ದಳು. ಕಾಯಂ ಕೆಲಸ ಬೇಕಿತ್ತು. ಬ್ಯಾಂಕ್ ಅಧಿಕಾರಿ ಪರೀಕ್ಷೆಗೆ ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಉಳಿದಿದ್ದುದು ಎರಡೇ ಅವಕಾಶ.

ಅವಳು ಸುಬ್ಬರಾಯಪ್ಪನವರ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಕಾರಣ, ಅವಳು ಯಾವ ಸರಣಿಯನ್ನಾದರೂ ಬಸ್ಸಿಗೆ ಹತ್ತಿಸುತ್ತಿದ್ದಳು. ಕಾಗದದ ಮೇಲೆ ಅಕ್ಷರ, ಚಿಹ್ನೆ ಕಂಡರೆ ಹೆದರುತ್ತಿದ್ದವಳು, ಅದೇ ಲೆಕ್ಕದಲ್ಲಿ ಜನರನ್ನು ಹತ್ತಿಸಿ ಇಳಿಸಿದರೆ ಕಣ್ಣು ಮುಚ್ಚಿ ‘ಚಾಲು’, ‘ಚಾಲದು’ ಹೇಳುತ್ತಿದ್ದಳು. ಆರು ತಿಂಗಳಲ್ಲಿ ಅವಳ ತಪ್ಪುಗಳು ನಿಂತೇಹೋದವು.

ಮೊದಲ ಅವಕಾಶದ ಪರೀಕ್ಷೆ ಮುಗಿಸಿ ಬಂದ ಮರುದಿನ ನಗುನಗುತ್ತಲೇ ಬಂದು ಕೂತಳು. ಸರಣಿಯ ಪ್ರಶ್ನೆ ಒಂದು ಬಂದಿತ್ತಂತೆ, ಬಾಯಿಪಾಠ ಹೇಳಿದಳು. ಪ್ರತಿ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಮುಂದಿನ ಸಂಖ್ಯೆ. ಮೊದಲ ಸಂಖ್ಯೆ ಯಾವುದು? ಒಂದನೇ ಹೇಳಿಕೆ, ಮೂರನೆಯದು ಎಂಬತ್ತೊಂದು. ಎರಡನೇ ಹೇಳಿಕೆ, ಎರಡನೆಯದು ಒಂಬತ್ತು.

“ಯಾವ್ದಾದ್ರೂ ಒಂದು ಚಾಲು ಅಂತ ಹಾಕ್ದೆ ಸಾರ್. ಎಂಬತ್ತೊಂದರ ಹಿಂದೆ ಒಂಬತ್ತು, ಒಂಬತ್ತರ ಹಿಂದೆ ಮೂರು. ಎರಡು ಸ್ಟಾಪ್ ಹಿಂದಕ್ಕೆ ಬಂದ್ರೆ ಆಯ್ತು.”

ಸುಬ್ಬರಾಯಪ್ಪನವರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

“ಮೈನಸ್ ಮೂರನ್ನ ಮೈನಸ್ ಮೂರರಿಂದ ಗುಣಿಸಿದ್ರೆ ಎಷ್ಟಮ್ಮ?”

“ಒಂಬತ್ತು. ಆದ್ರೆ ಸಾರ್, ಮೈನಸ್ ಮೂರು ಜನ ಬಸ್ನಾಗೆ ಹೆಂಗೆ ಕೂರ್ತಾರೆ?”

“ಟಿಕೆಟ್ ಇಲ್ದೋರು ಮೈನಸ್ ಅಲ್ವಾ ಸಾರ್?” ಅಂದ ಜಬೀ. ಎಲ್ಲರೂ ನಕ್ಕರು. ಸುಬ್ಬರಾಯಪ್ಪನವರು ನಗಲಿಲ್ಲ. ಮೊದಲ ಸಂಖ್ಯೆ ಮೂರೂ ಇರಬಹುದು, ಸೊನ್ನೆಯಿಂದ ಕೆಳಗಿನ ಮೂರೂ ಇರಬಹುದು. ಎರಡು ಹೇಳಿಕೆ ಸೇರಿದರೂ ಹೇಳಲಾಗದು. ಪ್ರಶ್ನೆಪತ್ರಿಕೆಯಲ್ಲಿ ಬಸ್ಸಿನ ಸುದ್ದಿಯೇ ಇರಲಿಲ್ಲ. ಬಸ್ಸನ್ನು ಅಲ್ಲಿಗೆ ತಂದವಳು ಮಂಜುಳ, ಅವಳಿಗೆ ಬಸ್ಸು ಕೊಟ್ಟವರು ಇವರು.

ಫಲಿತಾಂಶ ಬಂದಾಗ ಅವಳು ಮುಕ್ಕಾಲು ಅಂಕ ಸಾಲದೆ ಫೇಲಾಗಿದ್ದಳು. ಆ ದಿನ ಸುಬ್ಬರಾಯಪ್ಪನವರು ಪುಟ್ಟಿಯಿಂದ ಒಂದು ಪೆನ್ನು ಎತ್ತಿಕೊಂಡರು. ಹಳೆಯ ಕಾಗದದ ಮೇಲೆ ಬರೆದರು: ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಳೆಯುವುದು ಕಾಲು. ಆ ಒಂದು ಪ್ರಶ್ನೆ ಸರಿಯಾಗಿದ್ದರೆ ಒಂದೂಕಾಲು ಅಂಕ ಹೆಚ್ಚು. ಬೇಕಾಗಿದ್ದುದು ಮುಕ್ಕಾಲು. ಬರೆದು ಪೆನ್ನನ್ನು ವಾಪಸು ಹಾಕಿ ಹೊರಟುಹೋದರು. ಅವರು ಪೆನ್ನು ಹಿಡಿದದ್ದನ್ನು ನಮ್ಮ ಹಜಾರದಲ್ಲಿ ನಾನು ಕಂಡದ್ದು ಅದೊಂದೇ ಸಲ.

ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ನಾನೇ ನಿಲ್ದಾಣಕ್ಕೆ ಹೋದೆ. ಕಿಟಕಿಯ ಮುಂದೆ ನಿಂತು, “ಸುಬ್ಬರಾಯಪ್ಪನವರೇ, ಪಾಠ ನಿಂತಿದೆ,” ಅಂದೆ.

“ಬೇರೇರ್ನ ಹುಡುಕಿ ಅಮ್ಮಾ. ನಾನು ಆ ಹುಡುಗಿ ಕಾಲಿಗೆ ಕಲ್ಲು ಕಟ್ಬುಟ್ಟೆ. ನಂಗೆ ಸುಲಭ ಆಗ್ತದೆ ಅಂತ ಎಲ್ಲಾನೂ ಗಾಡಿ ಮಾಡಿದ್ನಲ್ಲ.”

“ಸಾಕ್ಷಿ ಹೇಳುವವರು ತಪ್ಪು ಹೇಳುವುದುಂಟು. ಪಾಟೀಸವಾಲಿನಲ್ಲಿ ನಿಂತು ಸರಿಮಾಡಿಕೊಳ್ಳುತ್ತಾರೆ. ಎದ್ದು ಓಡಿಹೋದರೆ ವಾರಂಟು ಹೊರಡುತ್ತದೆ. ನಾನು ವಾರಂಟ್ ಹಿಡಿದೇ ಬಂದಿದ್ದೇನೆ.”

ಅವರು ಮೈಕು ಎತ್ತಿ ಶಿರಾದ ಗಾಡಿ ಕೂಗಿದರು. ಇಟ್ಟು, “ಅವ್ಳು ಏನಂದ್ಲು?” ಎಂದು ಕೇಳಿದರು.

“ಇನ್ನೊಂದು ಅವಕಾಶ ಇದೆ, ಸಾರ್ ಎಲ್ಲಿ, ಅಂದಳು.”

ಸೋಮವಾರ ಆರು ಹತ್ತಕ್ಕೆ ಬಂದರು. ಪುಟ್ಟಿಯನ್ನು ಕೆಳಗಿಟ್ಟು, ಎಲ್ಲರೂ ಕೂತ ಮೇಲೆ ತಾವು ಮಾತ್ರ ನಿಂತರು. “ಮಂಜುಳಮ್ಮನ ತಪ್ಪು ನಂದು. ಸರಣೀನಾಗೆ ಮುಂದಕ್ಕೆ ಹೋಗಾಕೆ ಒಂದೇ ದಾರಿ. ಹಿಂದಕ್ಕೆ ಬರಾಕೆ ಎರಡಿರಬೋದು. ಅದನ್ನ ನಾನು ಹೇಳ್ಕೊಡ್ಲಿಲ್ಲ. ನಾನು ಗಾಡಿ ಒಳಗೇ ಕುಂತಿದ್ದೆ,” ಅಂದರು. ಆಮೇಲೆ ಎಲ್ಲರನ್ನೂ ಎಬ್ಬಿಸಿಕೊಂಡು ಹಿತ್ತಲಿನ ಹಳೆಯ ಮೆಟ್ಟಿಲು ಬಾವಿಗೆ ಕರೆದೊಯ್ದರು. ಬಾವಿಯ ಕಟ್ಟೆಯೇ ಸೊನ್ನೆ, ನೀರಿನ ಕಡೆಗೆ ಇಳಿದರೆ ಮೈನಸ್, ಎದುರಿಗೆ ಕಾಣುವ ಬೆಟ್ಟದ ಕಡೆಯ ಮೆಟ್ಟಿಲು ಹತ್ತಿದರೆ ಪ್ಲಸ್. ಐವತ್ತಾರು ವರ್ಷದ ಮನುಷ್ಯ ಆ ಬೆಳಗ್ಗೆ ಎಷ್ಟು ಸಲ ಮೆಟ್ಟಿಲಿಳಿದು ಹತ್ತಿದರೋ ಲೆಕ್ಕವಿಲ್ಲ. ಏದುಸಿರು ಬಿಡುತ್ತಾ ಕೆಳಗಿನಿಂದ ಕೂಗುತ್ತಿದ್ದರು, “ನಾನು ಮೂರನೇ ಮೆಟ್ಲು ಅಂದ್ರೆ ಯಾವ ಕಡೆ ಮೂರು ಅಂತ ಕೇಳಿ! ಕೇಳ್ದೆ ಚಾಲು ಅನ್ಬ್ಯಾಡಿ!”

ಹಿಂದಕ್ಕೆ ಬರಲು ಎರಡು ದಾರಿ ಇರಬಹುದು ಎಂಬ ಅವರ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ಕೆಲಸ ಮಾಡಿದ ಜಾಗದಲ್ಲಿ ಎಲ್ಲರೂ ಹಿಂದಕ್ಕೇ ಹೋಗುತ್ತಿದ್ದರು. ಈಗ ಕಾಣುವ ಮುರಿದ ಬೇಲಿಯಿಂದ ಅಂದು ಮುರಿದವನ ಕಡೆಗೆ. ಹಿಂದಿನ ದಾರಿ ಒಂದೇ ಎಂದು ಎರಡೂ ಕಡೆಯವರು ಆಣೆಯಿಟ್ಟು ಹೇಳುತ್ತಿದ್ದರು. ಅಷ್ಟು ವರ್ಷ ಅದನ್ನು ಬರೆದುಕೊಂಡವಳಿಗೆ, ಒಂದೇ ಫಲಕ್ಕೆ ಎರಡು ಮೂಲವಿರಬಹುದು ಎಂಬುದು ಬಾವಿಯ ಮೆಟ್ಟಿಲ ಮೇಲೆ ಹೊಳೆಯಿತು.

ಆ ವರ್ಷ ಅವರಿಗೆ ಪಾವಗಡಕ್ಕೆ ವರ್ಗವಾಯಿತು. ವಾರದ ರಜೆ ಸೋಮವಾರ. ಭಾನುವಾರ ಸಂಜೆಯೇ ಬಂದು ನಿಲ್ದಾಣದ ಹತ್ತಿರ ತಂಗಿಯ ಮನೆಯಲ್ಲಿ ಉಳಿದು, ಸೋಮವಾರ ಬೆಳಗ್ಗೆ ಪಾಠ ಮುಗಿಸಿ, ಮಧ್ಯಾಹ್ನದ ಗಾಡಿಗೆ ಹೋಗುತ್ತಿದ್ದರು. ಮಂಜುಳಳಿಗಾಗಿಯೇ ಬರುತ್ತಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಅವರು ಒಮ್ಮೆಯೂ ಹಾಗೆ ಹೇಳಲಿಲ್ಲ. ನಾನೂ ಸಂಜೆಯ ಹೊತ್ತು ಅವಳಿಗೂ ಉಳಿದವರಿಗೂ ಇಂಗ್ಲಿಷ್ ಹೇಳಿಕೊಡತೊಡಗಿದೆ. ಎರಡನೇ ಅವಕಾಶದ, ಎಂದರೆ ಕೊನೆಯ ಅವಕಾಶದ, ಪರೀಕ್ಷೆ ಬರೆದು ಬಂದ ದಿನ ಮಂಜುಳ ನಗಲೂ ಇಲ್ಲ, ಅಳಲೂ ಇಲ್ಲ. “ಬರ್ದಿದ್ದೀನಿ,” ಅಂದಳು.

ಹಾಗೆ ಬಂತು ಜೂನ್ ಒಂಬತ್ತು.

ಪಾಠ ಎಂಟೂವರೆಗೆ ಮುಗಿಯಿತು. ಎಲ್ಲರೂ ಹೋದರು. ಮಂಜುಳ ಎರಡು ಗಂಟೆಯವರೆಗೆ ಕಚೇರಿಗೆ ರಜೆ ಹಾಕಿದ್ದಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಅವಳ ಮೊಬೈಲಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಊರೂರಿನವರೆಲ್ಲ ಒಟ್ಟಿಗೆ ನೋಡುತ್ತಿದ್ದರೇನೋ. ಸುಬ್ಬರಾಯಪ್ಪನವರ ಗಾಡಿ ಹನ್ನೆರಡೂಕಾಲಕ್ಕೆ. ಅಂದು ಮಧ್ಯಾಹ್ನ ಯಾರದೋ ಬದಲು ಪಾಳಿ ಒಪ್ಪಿಕೊಂಡಿದ್ದರು. “ಮುಂದಿನ ಗಾಡಿಗೆ ಹೋಗಿ,” ಅಂದೆ. “ಅಲ್ಲೊಬ್ಬ ಮನೆಗೆ ಹೋಗಾಕೆ ಕಾಯ್ತಿರ್ತಾನೆ ಅಮ್ಮಾ,” ಅಂದರು. ಮೂವರೂ ನಡೆದು ನಿಲ್ದಾಣಕ್ಕೆ ಹೋದೆವು.

ಅವರು ಗಾಡಿ ಹತ್ತಿ ಕಿಟಕಿಯ ಪಕ್ಕ ಕೂತರು. ಮಂಜುಳ ಸ್ವಲ್ಪ ದೂರದಲ್ಲಿ ಮೊಬೈಲು ನೋಡುತ್ತಾ ನಿಂತಿದ್ದಳು. ಅವಳಿಗೆ ಕೇಳದ ಹಾಗೆ ನನಗೆ ಹೇಳಿದರು, “ಬಂದ ತಕ್ಷಣ ಲೆಕ್ಕದ ಮಾರ್ಕ್ಸು ಮೊದ್ಲು ನೋಡ್ರಮ್ಮಾ. ಬಾಕಿ ಆಮ್ಯಾಲೆ.” ಪಾಸೋ ಫೇಲೋ ಎಂದು ಕೇಳಲಿಲ್ಲ. ಎರಡನೇ ಸಲವೂ ತಮ್ಮಿಂದಲೇ ಹೋಯಿತೇ ಎಂಬುದೊಂದೇ ಅವರಿಗೆ ಬೇಕಾಗಿದ್ದುದು. ಗಾಡಿ ಅಲುಗಿದಾಗ ಕೈ ಬೀಸಲಿಲ್ಲ. “ಹಿಂದಕ್ಕೆ ನಿಂತ್ಕಳಿ, ಚಕ್ರ ತಿರುಗ್ತದೆ,” ಎಂದು ಎಲ್ಲರಿಗೂ ಹೇಳುವ ಹಾಗೆ ನನಗೂ ಹೇಳಿದರು.

ಅವರನ್ನು ನಾನು ನೋಡಿದ್ದು ಅದೇ ಕೊನೆ. ಆಮೇಲೆ ಅವರ ಸೋಮವಾರದ ರಜೆ ಬೇರೆ ದಿನಕ್ಕೆ ಬದಲಾಯಿತು, ಮಧುಗಿರಿಗೆ ಬರುವುದು ನಿಂತಿತು. ಶ್ರಾವಣದಲ್ಲಿ ಒಂದು ಬೆಳಗ್ಗೆ ಪಾವಗಡದ ನಿಲ್ದಾಣದಲ್ಲೇ ಕುಸಿದು ತೀರಿಕೊಂಡರು. ಮೊದಲ ಗಾಡಿ ಹೊರಟ ಮೇಲೆ ಎಂದು ಸುದ್ದಿ ತಂದ ಕಂಡಕ್ಟರ್ ಹೇಳಿದ. ಆದರೆ ಆ ದಿನದ್ದು ಇನ್ನೂ ಮುಗಿದಿಲ್ಲ.

ಹನ್ನೆರಡು ನಲವತ್ತಕ್ಕೆ ಫಲಿತಾಂಶ ತೆರೆದುಕೊಂಡಿತು. ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಮಂಜುಳ ನೋಡಿದಳು. ನನ್ನ ಕೈಗೆ ಕೊಟ್ಟಳು. ಆಯ್ಕೆಯಾಗಿರಲಿಲ್ಲ. ಅವರು ಹೇಳಿದಂತೆ ನಾನು ಲೆಕ್ಕದ ಸಾಲು ಮೊದಲು ನೋಡಿದೆ. ಬೇಕಾದ್ದಕ್ಕಿಂತ ಏಳು ಅಂಕ ಹೆಚ್ಚು. ಆದರೆ ಒಂದೊಂದು ವಿಷಯದಲ್ಲೂ ಬೇರೆ ಬೇರೆಯಾಗಿ ಕನಿಷ್ಠ ಅಂಕ ಬರಬೇಕು. ಹೋದದ್ದು ಇಂಗ್ಲಿಷಿನಲ್ಲಿ, ಎರಡು ಅಂಕದಿಂದ.

ಆಮೇಲೆ ಅವಳು ಹೇಳಿದ ಮೊದಲ ಮಾತು ತನ್ನ ಬಗ್ಗೆ ಅಲ್ಲ.

“ಮೇಡಂ, ಸಾರ್‌ಗೆ ಹೇಳ್ಬೇಕು. ಲೆಕ್ಕದಾಗೆ ಅಲ್ಲ ಅಂತ.”

“ಅವರು ಇಳಿದ ಮೇಲೆ ಫೋನ್ ಮಾಡು.”

“ಫೋನ್ನಾಗೆ ಆಗಲ್ಲ. ಅಳು ಬಂದ್ಬುಡ್ತದೆ. ನನ್ನ ಅಳು ಕೇಳಿದ್ರೆ ಸಾರ್ ಅಷ್ಟೇ ಕೇಳಿಸ್ಕಂತಾರೆ. ಬಾಕಿದ್ದು ಕಿವಿಗೆ ಹೋಗಲ್ಲ.”

ಎದುರಿನ ಅಂಗಡಿಯಲ್ಲಿ ಅಂಕಪಟ್ಟಿಯ ಪ್ರಿಂಟ್ ತೆಗೆಸಿದೆವು. ಅವಳು ಲೆಕ್ಕದ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಅಡಿಯಲ್ಲಿ ಬರೆದಳು: ‘ಸಾರ್, ಲೆಕ್ಕದಲ್ಲಿ ಏಳು ಜಾಸ್ತಿ ಬಂದಿದೆ. ಇಂಗ್ಲಿಷಿನಲ್ಲಿ ಹೋಯಿತು. ಅದು ನೀವು ಕಲಿಸಿದ್ದಲ್ಲ.’

ಬರೆದಾದ ಮೇಲೆ, ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಅವಳಿಗೆ ಹೊಳೆಯಿತು. ಪೆನ್ನು ಕೆಳಗಿಟ್ಟಳು.

“ಮೇಡಂ, ಅಂಗಲ್ಲ...”

“ಎಷ್ಟು ಪ್ರಶ್ನೆ ಬಿಟ್ಟೆ?”

“ಒಂಬತ್ತು. ಪ್ಯಾಸೇಜು ಎರಡೆರಡು ಸಲ ಓದ್ದೆ. ನೀವು ಹೇಳ್ದಂಗೆ. ಟೈಮ್ ಆಗೋಯ್ತು.”

ನಾನು ಹೇಳಿದ್ದು ಹಾಗೆಯೇ. ಒಂದು ಪದವನ್ನೂ ಬಿಡಬಾರದು, ಒಮ್ಮೆ ಅರ್ಥಕ್ಕೆ, ಇನ್ನೊಮ್ಮೆ ತಪ್ಪು ಹಿಡಿಯುವುದಕ್ಕೆ. ತೀರ್ಪಿನ ಪ್ರತಿಗಳನ್ನು ಮೂಲದ ಜೊತೆ ತಾಳೆ ನೋಡಿ ಸಹಿ ಹಾಕಿದವಳ ಅಭ್ಯಾಸ ಅದು. ಕಚೇರಿಯಲ್ಲಿ ಅದು ನನಗೆ ಒಳ್ಳೆಯ ಹೆಸರು ತಂದಿತ್ತು. ಪರೀಕ್ಷೆಯ ಇಪ್ಪತ್ತು ನಿಮಿಷದಲ್ಲಿ ಅದಕ್ಕೆ ಜಾಗವಿದೆಯೇ ಎಂದು ನಾನು ಒಮ್ಮೆಯೂ ಗಡಿಯಾರ ಇಟ್ಟು ನೋಡಿರಲಿಲ್ಲ.

ಅವಳ ಸಾಲಿನ ಕೆಳಗೆ ನಾನು ಒಂದು ಸಾಲು ಬರೆದೆ: ‘ಇಂಗ್ಲಿಷ್ ಕಲಿಸಿದವಳು ನಾನು.’ ಸಹಿ ಹಾಕಿ ತಾರೀಖು ಬರೆದೆ. ಒಂದೂ ಮುಕ್ಕಾಲಿನ ಪಾವಗಡದ ಗಾಡಿಯ ಕಂಡಕ್ಟರಿಗೆ ಕೊಟ್ಟೆ.

“ಸುಬ್ಬರಾಯಪ್ಪನೋರಿಗಾ? ಕೊಡ್ತೀನಿ ಬುಡಮ್ಮ,” ಎಂದು ಅವನು ಚೀಲಕ್ಕೆ ಹಾಕಿಕೊಂಡ. ಮಂಜುಳ ಮುಖ ತೊಳೆದುಕೊಂಡು ಎರಡು ಗಂಟೆಗೆ ಕಚೇರಿಗೆ ಹೋದಳು. ನಾನು ಮನೆಗೆ ಬಂದೆ. ಊಟ ಮಾಡಲಿಲ್ಲ.

ಸಂಜೆ ಐದು ಗಂಟೆ. ಹಾಜರಿದ್ದವರು ಆರು ಜನ. ಮಂಜುಳ ಬರುವ ಅಗತ್ಯವಿರಲಿಲ್ಲ. ಬಂದು ಬಲದ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದೆ. ಏನು ಕಲಿಸಿದೆ, ಯಾಕೆ ಕಲಿಸಿದೆ, ಅದರಿಂದ ಯಾರಿಗೆ ಏನಾಯಿತು. ಮೂವತ್ತೊಂದು ವರ್ಷ ಬೇರೆಯವರ ಹೇಳಿಕೆ ಬರೆದುಕೊಂಡಿದ್ದೆ. ನನ್ನದನ್ನು ನಾನೇ ಹೇಳುವಾಗ ನಾಲಿಗೆ ಎರಡು ಕಡೆ ತಡವರಿಸಿತು.

“ಆಯ್ತು, ಕುತ್ಕಳಿ ಮೇಡಂ,” ಅಂದಳು ಮಂಜುಳ. “ಪ್ಯಾಸೇಜ್ ತೆಗೀರಿ.”

ಗಡಿಯಾರವನ್ನು ಮೇಜಿನ ಮೇಲಿಟ್ಟೆ. ಒಂದೇ ಸಲ ಓದಿಸಿದೆ. ಜಬೀ ಎರಡನೇ ಸಲ ಓದಲು ಹೋದಾಗ ಪುಸ್ತಕ ಮುಚ್ಚಿಸಿದೆ. ಎಂಟಕ್ಕೆ ಎಲ್ಲರೂ ಸಹಿ ಮಾಡಿ ಹೋದರು. ಕೊನೆಯ ಸಹಿ ಮಂಜುಳಳದು. ಪುಸ್ತಕ ಮುಚ್ಚಿ ಬಾಗಿಲು ಹಾಕಿದೆ.